ನೀಲಿ ವಿಭೂತಿ

ಶಿವಮೊಗ್ಗದ ಗೋಪಾಳದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ, ನಾನು ಕಾರು ನಿಲ್ಲಿಸುವ ಜಾಗಕ್ಕೆ ಅಂಟಿಕೊಂಡೇ ಒಂದು ಕಂಬವಿದೆ. ಹಳದಿ ಕಪ್ಪು ಪಟ್ಟೆ ಬಳಿದ ಆ ಕಂಬಕ್ಕೆ ಒಮ್ಮೆಯಾದರೂ ಕಾರು ತಾಗಿಸದವರು ನಮ್ಮ ಬ್ಲಾಕಿನಲ್ಲಿ ಇಲ್ಲ. ಹೋದ ವಾರ ನನ್ನ ಸರದಿ ಬಂತು. ಬಿಳಿ ಬಾಗಿಲಿನ ಮೇಲೆ ಅಂಗೈಯಗಲ ಹಳದಿ ಬಣ್ಣ ಮೆತ್ತಿಕೊಂಡಿತು. ಬಕೆಟ್ಟು, ಶಾಂಪೂ, ಅಪ್ಪನ ಹಳೆಯ ಬನಿಯನ್ ಹಿಡಿದು ಕೆಳಗಿಳಿದೆ. ಹಿಂದೆಯೇ ಅಮ್ಮನೂ ಬಂದಳು. ಬಂದವಳು ಕಾರಿನ ಕಡೆ ತಿರುಗಿಯೂ ನೋಡಲಿಲ್ಲ. ನೇರ ಕಂಬದ ಹತ್ತಿರ ಹೋಗಿ ಬಗ್ಗಿದಳು.

"ನಮ್ದು ಇಲ್ಲಿಗೆ ಎಷ್ಟು ಹತ್ತಿದೆ, ಮೊದ್ಲು ಅದನ್ನ ನೋಡೋಣ."

"ಅದು ಕಂಬ ಅಮ್ಮ. ಅದೇನು ಬೇಜಾರು ಮಾಡ್ಕೊಳ್ಳುತ್ತಾ?"

"ಮಾಡ್ಕೊಳ್ಲಿ, ಬಿಡ್ಲಿ. ನಮ್ಮ ಬಣ್ಣ ನಾವು ಒರೆಸ್ಬೇಕು."

ಹಳದಿ ಪಟ್ಟೆಯ ಮೇಲೆ ನಮ್ಮ ಕಾರಿನ ಬಿಳಿ ಗೆರೆ ಮಸುಕಾಗಿ ಕಾಣುತ್ತಿತ್ತು. ಅಮ್ಮ ಅದನ್ನು ಒರೆಸಿ ಮುಗಿಸಿದ ಮೇಲೆಯೇ ಬನಿಯನ್ ನನ್ನ ಕೈಗೆ ಬಂತು. ಅಮ್ಮ ಹೀಗೆ ಮಾಡುವುದು ಇದು ಮೊದಲ ಸಲವಲ್ಲ. ಗೋಡೆ, ಗೇಟು, ಯಾರದೋ ಬೈಕು, ನಮ್ಮ ವಾಹನ ಯಾವುದಕ್ಕೆ ತಾಗಿದರೂ ಅವಳು ಮೊದಲು ಹೋಗುವುದು ಆ ಕಡೆಗೇ. ಇದನ್ನು ನೋಡಿದ ಪಕ್ಕದ ಫ್ಲಾಟಿನವರು ನಿಮ್ಮಮ್ಮನಿಗೆ ಎಷ್ಟು ಶಿಸ್ತು ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಅದು ಶಿಸ್ತಲ್ಲ ಎಂದು ನನಗೆ ಗೊತ್ತು.

ಶಿಸ್ತಿನ ಹೆಸರು ಇರುವುದು ನನಗೆ. ಯಾವ ದಿನ ಏನಾಯಿತು, ಯಾರು ಬಂದರು, ಏನು ಮುಗಿಯಿತು, ಏನು ಉಳಿಯಿತು ಎಂದು ದಿನಕ್ಕೊಂದು ಪುಟದಲ್ಲಿ ಗುರುತು ಹಾಕದಿದ್ದರೆ ನನಗೆ ಸಮಾಧಾನವಿಲ್ಲ. ಗೆಳತಿಯರು ಇದನ್ನು ರೋಗವೆಂದು ಕರೆದು ನಗುತ್ತಾರೆ. ಈ ರೋಗ ಹತ್ತಿದ್ದು ಎಲ್ಲಿ ಎಂಬುದು ನೆನಪಿದೆ: ಭದ್ರಾವತಿಯ ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ, ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ನಾನು ಇಟ್ಟ ಪೆನ್ಸಿಲ್ ಚುಕ್ಕೆಗಳಿಂದ. ಅಮ್ಮನ ಅಭ್ಯಾಸ ಮತ್ತು ನನ್ನ ಅಭ್ಯಾಸ ಹುಟ್ಟಿದ್ದು ಒಂದೇ ಸಮಯದಲ್ಲಿ, ಒಂದೇ ಕಾರಣಕ್ಕೆ.

ಆ ಕ್ವಾರ್ಟರ್ಸಿನಲ್ಲಿ ನಮ್ಮ ಇಡೀ ಬದುಕು ಕಾರ್ಖಾನೆಯ ಸೈರನ್ನಿಗೆ ಕಿವಿಗೊಟ್ಟುಕೊಂಡಿತ್ತು. ಅಪ್ಪನ ಪಾಳಿ ಬದಲಾದರೆ ನಮ್ಮ ಊಟದ ಹೊತ್ತು ಬದಲಾಗುತ್ತಿತ್ತು. ಎರಡು ಕೋಣೆ, ಮುಂದೊಂದು ಜಗಲಿ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಅಡುಗೆಮನೆಯ ಮೂಲೆಯಲ್ಲಿ ಅಜ್ಜಿಯ ದೇವರಗೂಡು. ಅಪ್ಪನ ಪಾಳಿ ಯಾವುದೇ ಇರಲಿ, ಅಜ್ಜಿಯ ಪೂಜೆಯ ಹೊತ್ತು ಮಾತ್ರ ಬದಲಾಗುತ್ತಿರಲಿಲ್ಲ. ಸೂರ್ಯ ಹುಟ್ಟುವ ಮೊದಲೇ ಸ್ನಾನ ಮಾಡಿ, ದೀಪ ಹಚ್ಚಿ, ವಿಭೂತಿ ಗಟ್ಟಿಗೆ ನೀರು ಮುಟ್ಟಿಸಿ, ಮೂರು ಬೆರಳು ತೇದು ಹಣೆಗೆ ಎಳೆದುಕೊಳ್ಳುತ್ತಿದ್ದಳು. ಆಮೇಲೆ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತರೆ ಮನೆಯಲ್ಲಿ ಪಾತ್ರೆಯ ಸದ್ದು ಸಹ ಆಗಬಾರದು. ಅವಳ ಪೂಜೆ ಮುಗಿದ ಮೇಲೆ ಅಮ್ಮ, ಆಮೇಲೆ ನಾನು ಹಣೆಯೊಡ್ಡಬೇಕು. ವಿಭೂತಿ ಹಚ್ಚಿಕೊಳ್ಳದವರಿಗೆ ಅವಳ ಕೈಯ ಅಕ್ಕಿ ರೊಟ್ಟಿ ಇಲ್ಲ. ನಾನು ಶಾಲೆಯ ತಿರುವಿನಲ್ಲಿ ಅದನ್ನು ಒರೆಸಿಕೊಳ್ಳುತ್ತಿದ್ದೆ. ಅಮ್ಮ ಒರೆಸಿಕೊಳ್ಳುತ್ತಿರಲಿಲ್ಲ.

ನಮ್ಮದು ಮೆರೂನ್ ಬಣ್ಣದ ಸೆಕೆಂಡ್ ಹ್ಯಾಂಡ್ ಕಾರು. ಅಜ್ಜಿ ಅದನ್ನು ಬೀಟ್‌ರೂಟ್ ಗಾಡಿ ಎನ್ನುತ್ತಿದ್ದಳು. ಅಪ್ಪನಿಗೆ ಕಾರು ಓಡಿಸುವುದಕ್ಕಿಂತ ತೊಳೆಯುವುದರಲ್ಲಿ ಹೆಚ್ಚು ಸಂತೋಷ. ಭಾನುವಾರ ಲುಂಗಿ ಎತ್ತಿ ಕಟ್ಟಿ, ಅದರ ಸುತ್ತ ಅಂಗೈ ಆಡಿಸುತ್ತಾ ಸುತ್ತುತ್ತಿದ್ದ. ಶಿವಮೊಗ್ಗದ ಟ್ರಾಫಿಕ್ಕೆಂದರೆ ಮಾತ್ರ ಅವನಿಗೆ ಬೆವರು. ಹಾಗಾಗಿ ಅಮ್ಮ ಡ್ರೈವಿಂಗ್ ಕಲಿತಳು. ಅಜ್ಜಿಗೆ ಅದು ಹಿಡಿಸಲಿಲ್ಲ. ಅಪ್ಪ ಅಡ್ಡ ಬರಲಿಲ್ಲ. ಆದರೆ ಕೀ ಕೊಡುವ ದಿನ ಎಲ್ಲರೆದುರಿಗೆ ಒಂದು ಮಾತು ಹೇಳಿದ.

"ನೋಡು ಮಂಜುಳಾ, ಒಂದು ಗೀರು ಬಿತ್ತು ಅಂದ್ರೆ ಕೀ ವಾಪಸ್ ನನ್ನ ಜೇಬಿಗೆ."

ತಮಾಷೆಗೆ ಹೇಳಿದನೋ ನಿಜವಾಗಿಯೋ ನಮಗೆ ಗೊತ್ತಾಗಲಿಲ್ಲ. ಅಮ್ಮ ಅದನ್ನು ತಮಾಷೆಯೆಂದು ತೆಗೆದುಕೊಳ್ಳಲಿಲ್ಲ.

ಗೋಡೆಯಾಚೆಯ ಮನೆ ಇಂದಿರಾ ಆಂಟಿಯದು. ಅವರ ಯಜಮಾನರು ಮಣಿ ಅಂಕಲ್ ಅಪ್ಪನ ಕಾರ್ಖಾನೆಯಲ್ಲೇ ಫೋರ್ಮನ್. ಅವರ ಮನೆಮಾತು ತಮಿಳು. ಪ್ರೀತಿ, ಅಡುಗೆ, ದೇವರು ಎಲ್ಲವೂ ತಮಿಳಿನಲ್ಲೇ. ಜಗಳವನ್ನು ಮಾತ್ರ ಮಣಿ ಅಂಕಲ್ ಕನ್ನಡದಲ್ಲಿ ಆಡುತ್ತಿದ್ದರು, ಇಡೀ ಲೈನಿಗೆ ಅರ್ಥವಾಗಲೆಂದು. ಅಮ್ಮ ಕಾರು ಕಲಿಯಲು ಹೆದರಿದಾಗ ಜೊತೆಗೆ ಬಂದು ಹಿಂದಿನ ಸೀಟಿನಲ್ಲಿ ಕೂತು "ಹೋಗು ಮಾರಾಯ್ತಿ, ಎದುರಿಗೆ ಬರೋರಿಗೂ ಕಣ್ಣಿದೆ" ಎಂದು ಧೈರ್ಯ ಹೇಳಿದವರು ಇಂದಿರಾ ಆಂಟಿ. ಆಮೇಲೆ ಅವರೂ ಒಂದು ನೀಲಿ ಸ್ಕೂಟರ್ ತೆಗೆದುಕೊಂಡರು. ಕ್ವಾರ್ಟರ್ಸ್ ಹಿಂದಿನ ಮೈದಾನದಲ್ಲಿ ಅವರು ಓಡಿಸಲು ಕಲಿಯುವಾಗ ಸೀಟಿನ ಹಿಂದಿನ ಕಂಬಿ ಹಿಡಿದು, ಸೀರೆ ಎತ್ತಿ ಸಿಕ್ಕಿಸಿ ಓಡಿದವಳು ಅಮ್ಮ. ಆ ಸ್ಕೂಟರಿನಲ್ಲೇ ಅವರು ಹೊಳೆ ದಾಟಿ ಹಳೇ ಪೇಟೆಗೆ ಹೋಗಿ ಹೆಂಗಸರಿಗೆ ಹೊಲಿಗೆ ಹೇಳಿಕೊಡತೊಡಗಿದರು. ಬ್ಲೌಸಿನ ತೋಳಿಗೆ ಪಿನ್ನುಗಳನ್ನು ಸಾಲಾಗಿ ಚುಚ್ಚಿಕೊಂಡು, ಟೇಪನ್ನು ಕೊರಳಿಗೆ ಹಾಕಿಕೊಂಡೇ ಸ್ಕೂಟರ್ ಹತ್ತುತ್ತಿದ್ದರು. ಅವರನ್ನು ಟೀಚರ್ ಎಂದು ಕರೆಯುವವರು ಊರಿನಲ್ಲಿ ಹುಟ್ಟಿಕೊಂಡಿದ್ದರು. ಮಣಿ ಅಂಕಲ್‌ಗೆ ಅದು ಕೇಳಿದಾಗಲೆಲ್ಲ ಕೆಮ್ಮು ಬರುತ್ತಿತ್ತು.

ಅದು ಒಂದು ಶನಿವಾರ. ಶಾಲೆ ಅರ್ಧ ದಿನ. ಅಪ್ಪನಿಗೆ ಎರಡನೇ ಪಾಳಿ. ಅಜ್ಜಿ ಮುಂದಿನ ಸಾಲಿನ ಮನೆಗೆ ತೊಟ್ಟಿಲ ಶಾಸ್ತ್ರಕ್ಕೆ ಹೋಗಿದ್ದಳು. ಅಮ್ಮ ನನ್ನನ್ನು ಶಾಲೆಯಿಂದ ಕರೆತಂದು, ಎರಡು ಮನೆಗಳ ನಡುವಿನ ಸಂದಿಗೆ ಕಾರನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು. ಇಂದಿರಾ ಆಂಟಿಯ ಸ್ಕೂಟರ್ ಹೊಂಗೆ ಮರದಡಿ, ಎಂದಿಗಿಂತ ಸ್ವಲ್ಪ ಈಚೆಗೆ ನಿಂತಿತ್ತು. ಎಡಗಡೆಯಿಂದ ಒಂದು ಸದ್ದು ಬಂತು, ಸ್ಟೀಲ್ ತಟ್ಟೆಯ ಮೇಲೆ ಚಮಚ ಎಳೆದ ಹಾಗೆ. ಆಮೇಲೆ ಗಾಜು ಚಟ್ ಎಂದಿತು. ಇಳಿದು ನೋಡಿದೆವು. ಸ್ಕೂಟರ್ ವಾಲಿ ಮರಕ್ಕೆ ಒರಗಿತ್ತು. ಅದರ ಕನ್ನಡಿ ಬಿರುಕು ಬಿಟ್ಟಿತ್ತು, ಪಕ್ಕದಲ್ಲಿ ಉದ್ದಕ್ಕೆ ನಮ್ಮ ಮೆರೂನ್ ಬಣ್ಣ. ನಮ್ಮ ಹಿಂದಿನ ಬಾಗಿಲಿನ ಮೇಲೆ ಅವರ ನೀಲಿ.

ಅಮ್ಮ ಸ್ಕೂಟರನ್ನು ಎತ್ತಿ ನೆಟ್ಟಗೆ ನಿಲ್ಲಿಸಿದಳು. ಇಂದಿರಾ ಆಂಟಿಯ ಗೇಟಿನವರೆಗೆ ಹೋಗಿ ಚಿಲಕದ ಮೇಲೆ ಕೈಯಿಟ್ಟಳು. ಒಳಗೆ ಹೊಲಿಗೆ ಮೆಷಿನ್ನು ಓಡುತ್ತಿತ್ತು. ಆ ಸದ್ದು ಒಂದು ಕ್ಷಣ ನಿಂತಿದ್ದರೆ ಅಮ್ಮ ಕರೆದುಬಿಡುತ್ತಿದ್ದಳು ಎಂದು ನಾನು ಈಗಲೂ ಅಂದುಕೊಳ್ಳುತ್ತೇನೆ. ಅದು ನಿಲ್ಲಲಿಲ್ಲ. ಅಮ್ಮ ಚಿಲಕ ಬಿಟ್ಟು ವಾಪಸ್ ಬಂದಳು.

"ಒಂದು ಬಕೆಟ್ ನೀರು ತಗೊಂಡ್ ಬಾ. ಅಜ್ಜಿ ಬರೋದ್ರೊಳಗೆ ಮುಗೀಬೇಕು."

ಅಮ್ಮ ಮೊದಲು ಸೋಪಿನ ನೀರಿನಿಂದ ಧೂಳು ತೊಳೆದಳು. ಧೂಳಿದ್ದಾಗ ಉಜ್ಜಿದರೆ ಧೂಳೇ ಗೀರುತ್ತದೆ ಎಂದಳು. ಆಮೇಲೆ ನೀಲಿಯ ಮೇಲೆ ಹೆಬ್ಬೆರಳಿನ ಉಗುರನ್ನು ಅಡ್ಡಲಾಗಿ, ಮೆಲ್ಲಗೆ ಎಳೆದಳು. ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಸಿಕ್ಕಿಕೊಂಡಿದ್ದರೆ ಅದು ನಮ್ಮ ಬಣ್ಣಕ್ಕೆ ಇಳಿದ ಗೀರು. ಸಿಕ್ಕಲಿಲ್ಲವೆಂದರೆ ಬೇರೆಯವರ ಬಣ್ಣ ನಮ್ಮದರ ಮೇಲೆ ಕೂತಿದೆ, ಅಷ್ಟೇ. ಅಮ್ಮನ ಉಸಿರು ಹೊರಬಂತು. ಬಟ್ಟೆಗೆ ಸೀಮೆಎಣ್ಣೆ ಹಾಕಿ ಒರೆಸಿದಳು. ಅರ್ಧ ನೀಲಿ ಬಟ್ಟೆಗೆ ಬಂತು, ಅರ್ಧ ಹಠ ಹಿಡಿದು ಉಳಿಯಿತು. ಟೂತ್‌ಪೇಸ್ಟ್ ತರಿಸಿದಳು. ನಮ್ಮದು ನನ್ನ ಹಠಕ್ಕೆ ತಂದ ಕೆಂಪು ಜೆಲ್ಲು. ಅದು ಬಾಗಿಲ ಮೇಲೆ ಜಾರಿತೇ ಹೊರತು ಏನೂ ಕೀಳಲಿಲ್ಲ. ಪಾತ್ರೆ ತಿಕ್ಕುವ ಪುಡಿ ಎತ್ತಿಕೊಂಡವಳು ಬೆರಳಲ್ಲಿ ಉಜ್ಜಿ ನೋಡಿ ಕೆಳಗಿಟ್ಟಳು, ಒರಟು. ನುಣ್ಣಗಿರಬೇಕು, ಆದರೂ ಹಿಡಿತವಿರಬೇಕು. ಅಮ್ಮ ಒಳಗೆ ಹೋದಳು. ಬರುವಾಗ ಅವಳ ಸೆರಗಿನಲ್ಲಿ ಅಜ್ಜಿಯ ವಿಭೂತಿ ಗಟ್ಟಿ ಇತ್ತು.

ಅದರಷ್ಟು ನುಣುಪಾದ ಬೂದಿ ನಮ್ಮ ಮನೆಯಲ್ಲಿ ಬೇರೆ ಇರಲಿಲ್ಲ. ಅಮ್ಮ ಒದ್ದೆ ಬಟ್ಟೆಯ ತುದಿಯನ್ನು ಗಟ್ಟಿಗೆ ತೇದು, ಬಾಗಿಲಿಗೆ ಭಾರ ಹಾಕದೆ ಸಣ್ಣ ಸಣ್ಣ ಸುತ್ತಿನಲ್ಲಿ ಉಜ್ಜಿದಳು. ನಿಲ್ಲಿಸಿ ಒರೆಸಿ ನೋಡಿದಳು. ಮತ್ತೆ ಅದೇ ಬಟ್ಟೆಯನ್ನು ಗಟ್ಟಿಗೆ ತೇದಳು, ಮತ್ತೆ ಉಜ್ಜಿದಳು. ನಾನು ಚೊಂಬು ಹಿಡಿದುಕೊಂಡು ರಸ್ತೆ ಕಾಯುತ್ತಿದ್ದೆ. ನೀಲಿ ಮಸುಕಾಗುತ್ತಾ ಹೋಗಿ, ಕೊನೆಗೆ ಮಂಜಿನಂತೆ ತೆಳ್ಳಗಾಗಿ, ಇಲ್ಲವಾಯಿತು. ಮೇಲೊಂದು ಹನಿ ಕೊಬ್ಬರಿ ಎಣ್ಣೆ ಸವರಿದ ಮೇಲೆ ಆ ಬಾಗಿಲು ಉಳಿದ ಬಾಗಿಲುಗಳಿಗಿಂತ ಚೆನ್ನಾಗಿ ಕಂಡಿತು. ಅಮ್ಮ ಗಟ್ಟಿಯನ್ನು ಇದ್ದಲ್ಲೇ ಇಟ್ಟು ಬಂದಳು. ಮೆಷಿನ್ನಿನ ಸದ್ದು ಇನ್ನೂ ಬರುತ್ತಿತ್ತು. ಸ್ಕೂಟರಿನ ಮೇಲಿನ ಮೆರೂನ್ ಗೆರೆಯನ್ನು ಒರೆಸಬೇಕೆಂದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ನಾವು ನಮ್ಮ ಕಡೆಯನ್ನು ಮಾತ್ರ ನೋಡಿದ್ದೆವು.

ಸಂಜೆ ಅಮ್ಮ ರೊಟ್ಟಿ ತಟ್ಟುತ್ತಿದ್ದಾಗ ಗೋಡೆಯಾಚೆ ಕನ್ನಡ ಶುರುವಾಯಿತು.

"ಎಲ್ಲಿ ಬಿದ್ದೆ ಹೇಳು."

"ನಾನು ಬಿದ್ದಿಲ್ಲರೀ. ಮಧ್ಯಾಹ್ನ ಬಂದು ನಿಲ್ಸಿದಾಗ ಸರಿ ಇತ್ತು."

"ಹಂಗಾದ್ರೆ ಕನ್ನಡಿ ತಾನಾಗೇ ಒಡ್ಕೊಂತಾ? ಟೀಚರಮ್ಮ! ಊರಿಗೆಲ್ಲಾ ಹೇಳ್ಕೊಡೋಳು, ಮನೇಲಿ ಸುಳ್ಳು ಹೇಳ್ತೀಯಾ?"

"ಸುಳ್ಳಲ್ಲ, ನನ್ನಾಣೆ."

"ಕೀ ಕೊಡು. ಇನ್ನು ಮೇಲೆ ಬಸ್ಸಲ್ಲಿ ಹೋಗು, ಇಲ್ಲಾ ಮನೇಲಿ ಕೂತ್ಕೋ."

ಅಮ್ಮನ ರೊಟ್ಟಿ ಹೆಂಚಿನ ಮೇಲೆ ಸೀಯುತ್ತಿತ್ತು. ಅಜ್ಜಿ ಜಪದ ಮಣಿ ನಿಲ್ಲಿಸಿ "ಹೆಂಗಸ್ರ ಕೈಗೆ ಗಾಡಿ ಕೊಟ್ರೆ ಹಿಂಗೇ" ಎಂದು ಅಮ್ಮನ ಕಡೆ ನೋಡಿದಳು. ಅಮ್ಮ ಸೀದ ರೊಟ್ಟಿಯನ್ನು ತನ್ನ ತಟ್ಟೆಗೆ ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಅಜ್ಜಿ ಪೂಜೆ ಮುಗಿಸಿ ಜಗಲಿಗೆ ಬಂದಳು. ಬಿಸಿಲು ಅವಳ ಮುಖಕ್ಕೆ ಬಿತ್ತು. ಮೊದಲು ಕಂಡದ್ದು ನನಗೆ.

"ಅಜ್ಜಿ, ನಿನ್ನ ಹಣೆ ನೀಲಿ!"

ಮೂರು ಗೆರೆಯೂ ತಿಳಿ ನೀಲಿ, ಬಟ್ಟೆಗೆ ಹಾಕುವ ನೀಲಿಯಲ್ಲಿ ಬೆರಳದ್ದಿ ಎಳೆದಂತೆ. ದೀಪದ ಬೆಳಕಿನಲ್ಲಿ ಅವಳಿಗೆ ಗೊತ್ತಾಗಿರಲಿಲ್ಲ. ಕನ್ನಡಿ ನೋಡಿಕೊಂಡಳು. ಒಳಗೆ ಹೋಗಿ ಗಟ್ಟಿಯನ್ನು ಬೆಳಕಿಗೆ ತಂದಳು. ಅಮ್ಮ ಬಟ್ಟೆ ತೇದಿದ್ದ ಒಂದು ಮಗ್ಗುಲು ಪೂರ್ತಿ ನೀಲಿ ಕುಡಿದಿತ್ತು. ಅಜ್ಜಿ ಅದನ್ನು ಮೂಸಿ ನೋಡಿದಳು. ಸೀಮೆಎಣ್ಣೆ. ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಇನ್ನೂ ಎದ್ದಿರಲಿಲ್ಲ. ಕೇಳುವ ಮೊದಲೇ ಅಮ್ಮ ಎಲ್ಲವನ್ನೂ ಮೆಲುದನಿಯಲ್ಲಿ ಹೇಳಿದಳು. ಅಜ್ಜಿಯ ಮೊದಲ ಪ್ರಶ್ನೆ ನಾವು ಯಾರೂ ಎಣಿಸದಿದ್ದುದು.

"ದೇವರಗೂಡಿಗೆ ಕೈ ಹಾಕೋ ಮುಂಚೆ ಕೈ ತೊಳ್ಕೊಂಡಿದ್ಯಾ?"

"ತೊಳ್ಕೊಂಡಿದ್ದೆ ಅತ್ತೆ."

"ಅಷ್ಟು ಮಾಡಿದ್ಯಲ್ಲ." ಗಟ್ಟಿಯನ್ನು ತಿರುಗಿಸಿದಳು. "ಹಂಗಾದ್ರೆ ಇದು ಆ ಇಂದಿರಾ ಗಾಡಿ ಬಣ್ಣ. ನನ್ನ ಹಣೆ ಮೇಲಿದೆ."

"ಕೊಡಿ, ಚಾಕುವಲ್ಲಿ ಕೆರೆದುಬಿಡ್ತೀನಿ. ಇಲ್ಲಾಂದ್ರೆ ಶಿವಮೊಗ್ಗದ ಗಾಂಧಿ ಬಜಾರಿಂದ ಹೊಸದು ತರ್ತೀನಿ, ಇವತ್ತೇ."

"ಬೇಡ. ಇದನ್ನೇ ಹಚ್ಕೋತೀನಿ. ಈ ಮಗ್ಗುಲಲ್ಲೇ. ತಾನಾಗಿ ತೇದು ಎಷ್ಟು ದಿನಕ್ಕೆ ಹೋಗುತ್ತೋ ಹೋಗ್ಲಿ."

"ಜನ ಕೇಳಿದ್ರೆ?"

"ಕೇಳಿದ್ರೆ ನೀನು ಹೇಳು. ನನ್ನ ಕೇಳಿದ್ರೆ ನಾನು ಹೇಳಲ್ಲ, ನನ್ನ ಮಗನಿಗೂ ಹೇಳಲ್ಲ. ಅದು ನಾನು ಹೇಳೋ ಮಾತಲ್ಲ."

ಎದ್ದು ಬಂದ ಅಪ್ಪ ಅವಳ ಹಣೆ ನೋಡಿ "ಏನವ್ವಾ ಇದು, ವಿಭೂತೀಲೂ ಕಲಬೆರಕೆ ಶುರುವಾಯ್ತಾ?" ಎಂದು ನಕ್ಕ. ಅಜ್ಜಿ "ಹೂಂ, ಆಗಿದೆ" ಎಂದಳು. ಅಮ್ಮ ಕಾಫಿ ಸೋಸುತ್ತಿದ್ದವಳು ತಲೆಯೆತ್ತಲಿಲ್ಲ. ಆ ದಿನದಿಂದ ಅವಳು ವಿಭೂತಿಗೆ ಹಣೆಯೊಡ್ಡುವುದನ್ನು ಬಿಟ್ಟಳು. ಅಜ್ಜಿಯೂ ಅವಳನ್ನಾಗಲಿ ನನ್ನನ್ನಾಗಲಿ ಕರೆಯಲಿಲ್ಲ. ರೊಟ್ಟಿ ಮಾತ್ರ ಅವಳ ತಟ್ಟೆಗೆ ಮೊದಲಿನಂತೆಯೇ ಬೀಳುತ್ತಿತ್ತು. ಅದನ್ನು ಅಮ್ಮ ಮುರಿದು ಮುರಿದು, ತಿನ್ನದೆ ಕೂರುತ್ತಿದ್ದಳು.

ಹೀಗೆ ನಮ್ಮ ಮನೆಯ ತಪ್ಪು ದಿನಾ ಬೆಳಿಗ್ಗೆ ಸ್ನಾನ ಮಾಡಿ, ಅಜ್ಜಿಯ ಹಣೆಯ ಮೇಲೆ ಕೂತು ಜಗಲಿಗೆ ಬರತೊಡಗಿತು. ತರಕಾರಿ ಕೊಳ್ಳುವಾಗ, ಪಕ್ಕದ ಮನೆಗೆ ಕರಿಬೇವು ಕೊಡುವಾಗ, ಕಡೆಗೆ ಮಣಿ ಅಂಕಲ್ ಜೊತೆ ಮಾತಾಡುವಾಗಲೂ ಆ ಮೂರು ಗೆರೆ. ಗ್ಯಾಸ್ ಸಿಲಿಂಡರ್ ಬಂದ ದಿನವನ್ನು ಅಮ್ಮ ಗುರುತು ಹಾಕುತ್ತಿದ್ದ ಕ್ಯಾಲೆಂಡರಿನಲ್ಲಿ ನಾನು ಅಜ್ಜಿಯ ಹಣೆ ನೀಲಿಯಿದ್ದ ದಿನಕ್ಕೊಂದು ಪೆನ್ಸಿಲ್ ಚುಕ್ಕೆ ಇಡತೊಡಗಿದೆ. ಯಾಕೆಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಇದು ಯಾವಾಗ ಮುಗಿಯುತ್ತದೆ ಎಂದು ಗೊತ್ತಾಗಬೇಕಿತ್ತು, ಅಷ್ಟೇ. ಹೋಂವರ್ಕ್ ಮರೆತರೂ ಅದನ್ನು ಮರೆಯಲಿಲ್ಲ.

ಇಂದಿರಾ ಆಂಟಿ ಕೆಲವು ದಿನ ಬಸ್ಸಿನಲ್ಲಿ ಹೋದರು. ಅಡುಗೆ ಮುಗಿಸಿ ಹೊರಡುವ ಹೊತ್ತಿಗೆ ಬಸ್ಸಿರುತ್ತಿರಲಿಲ್ಲ, ಬಸ್ಸಿರುವ ಹೊತ್ತಿಗೆ ಹೊರಟರೆ ಮನೆಯಲ್ಲಿ ಕನ್ನಡ ಶುರುವಾಗುತ್ತಿತ್ತು. ಆಗಾಗ ಅಮ್ಮನೇ ನೆಪ ಮಾಡಿಕೊಂಡು ಕಾರಿನಲ್ಲಿ ಬಿಟ್ಟುಬರುತ್ತಿದ್ದಳು. ಒಂದು ಭಾನುವಾರ ಅಪ್ಪನನ್ನು ಮನೆಯಲ್ಲಿ ಬಿಟ್ಟು ನಾವು ಹೆಂಗಸರು ತ್ಯಾವರೆಕೊಪ್ಪದ ಸಫಾರಿಗೆ ಹುಲಿ ನೋಡಲು ಹೋದೆವು. ಇಂದಿರಾ ಆಂಟಿ ಅಮ್ಮನ ಪಕ್ಕ ಕೂತಿದ್ದರು. ಮಾತಾಡುತ್ತಲೇ ಇದ್ದರು, ನಗುತ್ತಲೇ ಇದ್ದರು. ಆದರೆ ಖಾಲಿ ರಸ್ತೆ ಬಂದಾಗಲೆಲ್ಲ ಮಡಿಲಲ್ಲಿದ್ದ ಅವರ ಬಲಗೈ ಮುಷ್ಟಿ ಕಟ್ಟಿ, ಮಣಿಕಟ್ಟು ಮೆಲ್ಲಗೆ ಹಿಂದಕ್ಕೆ ತಿರುಗುತ್ತಿತ್ತು, ಸ್ಕೂಟರಿನ ವೇಗ ಹೆಚ್ಚಿಸುವಂತೆ. ಅವರಿಗೆ ಅದರ ಅರಿವಿರಲಿಲ್ಲ. ಹಿಂದಿನ ಸೀಟಿನಿಂದ ನಾನು ನೋಡಿದೆ, ನನ್ನ ಪಕ್ಕದಲ್ಲಿದ್ದ ಅಜ್ಜಿ ನೋಡಿದಳು. ಅಮ್ಮನೂ ನೋಡಿರಬೇಕು. ಆ ದಿನ ಹುಲಿ ಕಂಡಿತೋ ಇಲ್ಲವೋ ನನಗೆ ನೆನಪಿಲ್ಲ.

ಅದಾದ ಮೇಲೊಂದು ಮಧ್ಯಾಹ್ನ ಅಮ್ಮ ನನ್ನ ಕೈ ಹಿಡಿದುಕೊಂಡು ಪಕ್ಕದ ಮನೆಗೆ ಹೋದಳು. ಆಂಟಿ ನೆಲದ ಮೇಲೆ ಕೂತು ಸೀರೆಗೆ ಫಾಲ್ ಹಾಕುತ್ತಿದ್ದರು. ಅಮ್ಮ ಕೂರಲಿಲ್ಲ.

"ಇಂದಿರಾ, ನಿನ್ನ ಗಾಡಿಗೆ ತಾಗಿಸಿದ್ದು ನಾನು."

ಆಂಟಿಯ ಸೂಜಿ ನಿಲ್ಲಲಿಲ್ಲ.

"ಈ ಲೈನಲ್ಲಿ ಆ ಬಣ್ಣದ ಗಾಡಿ ಇನ್ಯಾರ ಹತ್ರ ಇದೆ ಮಂಜು? ಆವತ್ತೇ ಗೊತ್ತಾಯ್ತು."

"ಮತ್ತೆ ಯಾಕೆ ಕೇಳ್ಲಿಲ್ಲ?"

"ನೀನೇ ಬರ್ತೀಯ ಅಂತ ಕಾದೆ."

ಅಮ್ಮ ಆಗ ನೆಲಕ್ಕೆ ಕೂತಳು. ಇಂದಿರಾ ಆಂಟಿ ಸೀರೆಯನ್ನು ಅವಳ ಕಡೆ ಸರಿಸಿ, ಅಂಚು ಹಿಡಿದುಕೋ ಎಂದು ಸನ್ನೆ ಮಾಡಿದರು. ಅಮ್ಮ ಹಿಡಿದುಕೊಂಡಳು.

"ಇವ್ರಿಗೂ ಗೊತ್ತು" ಎಂದರು ಆಂಟಿ. "ಇವ್ರಿಗೇನು ಕಣ್ಣಿಲ್ವಾ? ಇವ್ರಿಗೆ ಕೀ ಬೇಕಾಗಿತ್ತು, ನೆಪ ಸಿಕ್ತು."

"ನಾನು ಆವತ್ತೇ ಬಂದು ಹೇಳಿದ್ರೆ ಆ ನೆಪ ಇರ್ತಿರ್ಲಿಲ್ಲ."

ಆಂಟಿ ಅಲ್ಲಗಳೆಯುತ್ತಾರೆಂದು ನಾನು ಕಾದೆ. ಅವರು ದಾರವನ್ನು ಹಲ್ಲಿನಿಂದ ಕಡಿದು, ಹೊಸ ದಾರ ಪೋಣಿಸಿದರು.

"ಈಗ ಹೇಳ್ಬೇಡ ಮಾರಾಯ್ತಿ. ಹೇಳಿದ್ರೆ ನಿನ್ನ ಕೀನೂ ಹೋಗುತ್ತೆ. ಇಬ್ರೂ ಮನೇಲಿ ಕೂತು ಏನ್ ಮಾಡೋಣ, ಒಬ್ರ ತಲೇಲಿ ಒಬ್ರು ಹೇನು ನೋಡೋಣ್ವಾ?"

ಇಬ್ಬರೂ ನಕ್ಕರು. ಅಮ್ಮನ ನಗು ನಡುವಿನಲ್ಲೇ ತಿರುಗಿ ಅಳುವಾಯಿತು. ಮನೆಗೆ ಬಂದಾಗ ಅಜ್ಜಿ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ಕಣ್ಣೆತ್ತದೆ ಕೇಳಿದಳು.

"ಹೇಳಿದ್ಯಾ?"

"ಇಂದಿರಾಗೆ ಹೇಳ್ದೆ. ಅವಳಿಗೆ ಮೊದ್ಲೇ ಗೊತ್ತಿತ್ತು."

"ಕೀ ಈಗ ಯಾರ ಹತ್ರ ಇದೆ?"

"ಮಣಿ ಅವ್ರ ಹತ್ರ."

"ಹಂಗಾದ್ರೆ ನೀನಿನ್ನೂ ಹೇಳಿಲ್ಲ."

ಅಮ್ಮ ಒಳಗೆ ಹೋದಳು. ಸುಮ್ಮನೇ ದಿನಗಳು ಹೋದವು. ಚುಕ್ಕೆಗಳು ಕ್ಯಾಲೆಂಡರಿನ ಮುಂದಿನ ಹಾಳೆಗೆ ದಾಟಿದವು. ನೀಲಿ ತೆಳ್ಳಗಾಗುತ್ತಾ ಬಂದಿತ್ತು. ಅದು ಪೂರ್ತಿ ಹೋಗುವುದರೊಳಗೆ ಏನೋ ಆಗಬೇಕೆಂದು ನಾನು ಕಾಯುತ್ತಿದ್ದೆ.

ಆದದ್ದು ಒಂದು ಭಾನುವಾರ. ಅಪ್ಪ ಕಾರು ತೊಳೆಯುತ್ತಿದ್ದ. ಮಣಿ ಅಂಕಲ್ ಗೇಟಿಗೆ ಮೊಣಕೈ ಊರಿ ನಿಂತು ಅಮ್ಮನನ್ನು ಕರೆದರು.

"ಮಂಜುಳಮ್ಮಾ, ನಿಮ್ಮ ಗಾಡಿ ಕನ್ನಡಿ ಥರ ಹೊಳೀತಿದೆ. ಅದೇನು ಹಚ್ತೀರೋ, ನಮ್ಮ ಸ್ಕೂಟರಿಗೂ ಚೂರು ಕೈ ಹಾಕಿ ಕೊಡಿ. ಕನ್ನಡಿ ಹೊಸದು ಹಾಕ್ಸಿಯಾಯ್ತು, ಸಂಜೆ ನೋಡೋಕೆ ಬರ್ತಾರೆ. ಮಾರಿಬಿಡ್ತಿದ್ದೀನಿ."

ಅವರ ಮುಖದಲ್ಲಿ ನಗುವಿತ್ತು. ಅದು ಎಂಥ ನಗು ಎಂದು ಆಗ ನನಗೆ ತಿಳಿಯಲಿಲ್ಲ. ಹಿಂದೆ ಇಂದಿರಾ ಆಂಟಿ ಬಾಗಿಲಿಗೆ ಒರಗಿ ನಿಂತಿದ್ದರು. ಮಾರುವ ಸುದ್ದಿ ಅವರಿಗೂ ಆಗಲೇ ಗೊತ್ತಾದ ಹಾಗಿತ್ತು.

ಅಮ್ಮ ಬಟ್ಟೆ, ಸೀಮೆಎಣ್ಣೆ, ಈ ಸಲ ಅಂಗಡಿಯಿಂದ ತರಿಸಿದ ಬಿಳಿ ಪೇಸ್ಟು ಹಿಡಿದು ಹೋದಳು. ಹೊಂಗೆ ಮರದಡಿ ಮಂಡಿಯೂರಿ ಕೂತು ಸ್ಕೂಟರಿನ ಪಕ್ಕವನ್ನು ತೊಳೆದಳು. ಮೆರೂನ್ ಗೆರೆಯ ಮೇಲೆ ಅಡ್ಡಲಾಗಿ ಉಗುರು ಎಳೆದಳು. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಅಲ್ಲಿ ಗೀರೇ ಇರಲಿಲ್ಲ. ಇದ್ದದ್ದೆಲ್ಲ ನಮ್ಮ ಬಣ್ಣ, ಅವರದರ ಮೇಲೆ ಕೂತದ್ದು. ಅಂದೇ ಬಂದು ಒರೆಸಿದ್ದರೆ ಅಂದೇ ಹೋಗುತ್ತಿತ್ತು. ಅಮ್ಮ ಉಜ್ಜತೊಡಗಿದಳು. ಬಟ್ಟೆ ಕೆಂಪಾಯಿತು. ಅರ್ಧ ಗೆರೆ ಹೋಗಿತ್ತು. ಆಗ ಅವಳ ಕೈ ನಿಂತಿತು. ಎದ್ದು ನಿಂತು, ಅವಳ ಬಾಯಲ್ಲಿ ನಾನು ಅದುವರೆಗೆ ಕೇಳಿರದಷ್ಟು ಗಟ್ಟಿಯಾಗಿ, ಲೈನಿಗೆಲ್ಲ ಕೇಳುವಂತೆ ಹೇಳಿದಳು.

"ಮಣಿ ಅವ್ರೇ, ಇದು ನಮ್ಮ ಕಾರಿನ ಬಣ್ಣ. ತಾಗಿಸಿದ್ದು ನಾನು. ಕನ್ನಡಿ ಒಡೆದಿದ್ದೂ ನಾನೇ. ಇಂದಿರಾ ಎಲ್ಲೂ ಬಿದ್ದಿಲ್ಲ. ಕೀ ಅವಳಿಗೆ ಕೊಡಿ."

ಮಣಿ ಅಂಕಲ್ ನಗು ಬಿಡಲಿಲ್ಲ.

"ಅಯ್ಯೋ, ಅಷ್ಟಕ್ಕೆ ಯಾಕಮ್ಮ ಕೂಗಾಟ? ಹೋಗ್ಲಿ ಬಿಡಿ. ಪಾರ್ಟಿಗೆ ಮಾತು ಕೊಟ್ಟಾಗಿದೆ."

ಅಮ್ಮ ಅಪ್ಪನ ಕಡೆ ತಿರುಗಿದಳು. ಅಪ್ಪ ಪೈಪು ಹಿಡಿದುಕೊಂಡೇ ಬಂದು ನಮ್ಮ ಹಿಂದಿನ ಬಾಗಿಲಿನ ಮೇಲೆ ಅಂಗೈ ಆಡಿಸಿದ.

"ಗೀರೇ ಇಲ್ವಲ್ಲೇ."

"ನೀವು ಕೀ ತಗೋತೀನಿ ಅಂದಿದ್ರಿ."

"ನಾನಾ? ಯಾವಾಗ?" ಅಪ್ಪನಿಗೆ ನಿಜಕ್ಕೂ ನೆನಪಿರಲಿಲ್ಲ. "ಹಂಗೆ ನೋಡಿದ್ರೆ ಮೊನ್ನೆ ನಾನೇ ಫ್ಯಾಕ್ಟರಿ ಗೇಟಿಗೆ ಬಂಪರ್ ತಾಗ್ಸಿದ್ದೆ. ನಿಂಗೆ ಹೇಳಿದ್ರೆ ನಗ್ತೀಯ ಅಂತ ಹೇಳ್ಲಿಲ್ಲ."

ಯಾವುದು ಕೈತಪ್ಪುತ್ತದೆಂದು ಹೆದರಿ ಅಮ್ಮ ಅಷ್ಟು ದಿನ ಬಾಯಿ ಕಟ್ಟಿಕೊಂಡಿದ್ದಳೋ ಅದನ್ನು ಯಾರೂ ಕೇಳಲೇ ಇಲ್ಲ. ನಮ್ಮ ಕೀ ಅಡುಗೆಮನೆಯ ಮೊಳೆಯಲ್ಲಿ ಹಾಗೆಯೇ ತೂಗಾಡುತ್ತಿತ್ತು. ಅಮ್ಮ ಕೆಂಪು ಬಟ್ಟೆ ಹಿಡಿದು ನಿಂತೇ ಇದ್ದಳು. ಇಂದಿರಾ ಆಂಟಿ ಮೆಟ್ಟಿಲಿಳಿದು ಬಂದು, ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು, ಸ್ಕೂಟರಿನ ಪಕ್ಕ ಕೂತರು.

"ಅರ್ಧಕ್ಕೆ ಬಿಟ್ರೆ ಚೆನ್ನಾಗಿ ಕಾಣಲ್ಲ ಮಂಜು. ಬಾ, ನೀರು ಹಾಕು."

ಉಳಿದರ್ಧವನ್ನು ಇಂದಿರಾ ಆಂಟಿಯೇ ಉಜ್ಜಿದರು. ಅಮ್ಮ ನೀರು ಹಾಕಿದಳು. ಸಂಜೆ ಯಾರೋ ಇಬ್ಬರು ಬಂದು ಸ್ಕೂಟರಿನ ಸುತ್ತ ಒಂದು ಸುತ್ತು ಬಂದು, ಗೀರೇ ಇಲ್ಲ, ಚೆನ್ನಾಗಿ ಇಟ್ಟುಕೊಂಡಿದ್ದೀರಿ ಎಂದು ಮೆಚ್ಚಿ, ಓಡಿಸಿಕೊಂಡು ಹೋದರು. ಅದು ತಿರುವು ದಾಟುವವರೆಗೆ ಆಂಟಿ ಗೇಟಿನಲ್ಲಿದ್ದರು. ಅವರ ಬಲಗೈ ಗೇಟಿನ ಸರಳನ್ನು ಹಿಡಿದಿತ್ತು. ಆಮೇಲೆ ಅವರು ಬೇರೆ ಗಾಡಿ ಹತ್ತಲಿಲ್ಲ. ಹೊಳೆಯಾಚೆಯ ಹೊಲಿಗೆ ತರಗತಿಗೆ ಬೇರೆ ಟೀಚರ್ ಬಂದರು. ನಾವು ಶಿವಮೊಗ್ಗಕ್ಕೆ ಬಂದ ಮೇಲೂ ಅಮ್ಮ ಭದ್ರಾವತಿಗೆ ಹೋಗಿ ಇಂದಿರಾ ಆಂಟಿಯನ್ನು ಆಸ್ಪತ್ರೆಗೆ, ಮದುವೆಗೆ, ಸೀರೆ ಅಂಗಡಿಗೆ ಕರೆದುಕೊಂಡು ಹೋಗುತ್ತಾಳೆ. ಆಂಟಿ ಪಕ್ಕದಲ್ಲಿ ಕೂತು ನಗಿಸುತ್ತಾರೆ. ಆ ಶನಿವಾರದ ಮಾತನ್ನು ಇಬ್ಬರೂ ಎತ್ತುವುದಿಲ್ಲ.

ಸ್ಕೂಟರ್ ಹೋದ ಮರುದಿನ ಬೆಳಿಗ್ಗೆ ಅಜ್ಜಿ ಜಗಲಿಗೆ ಬಂದಾಗ ಅವಳ ಹಣೆಯ ಗೆರೆಗಳು ಬಿಳಿಯಾಗಿದ್ದವು. ಬಿಸಿಲಿಗೆ ಹತ್ತಿರ ಹೋಗಿ ನೋಡಿದೆ. ಅಚ್ಚ ಬಿಳಿ. ಅಜ್ಜಿ ಒಳಗೆ ಹೋಗಿ, ಗಟ್ಟಿಗೆ ನೀರು ಮುಟ್ಟಿಸಿ, ಬಹಳ ದಿನಗಳ ಮೇಲೆ ಅಮ್ಮನನ್ನು ಕರೆದಳು.

"ಬಾ ಮಂಜುಳಾ, ಹಚ್ಕೋ."

ಅಮ್ಮ ಕೈ ಒರೆಸಿಕೊಂಡು ಬಂದಳು. ಗಟ್ಟಿಯನ್ನು ನೋಡುತ್ತಾ ನಿಂತಳು.

"ಇನ್ನೂ ಚೂರು ನೀಲಿ ಇದೆ ಅತ್ತೆ."

"ಎಲ್ಲಿದೆ? ಎಲ್ಲಾ ತೇದು ಹೋಯ್ತಲ್ಲ."

"ನಂಗೆ ಕಾಣುತ್ತೆ."

ಅಜ್ಜಿ ಗಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮತ್ತೆ ಅಮ್ಮನ ಮುಖ ನೋಡಿದಳು. ಅದನ್ನು ಗೂಡಿನಲ್ಲಿಟ್ಟು, ರೊಟ್ಟಿ ತಟ್ಟಲು ಕೂತಳು. ಆ ದಿನಕ್ಕೆ ಚುಕ್ಕೆ ಇಡಬೇಕೋ ಬೇಡವೋ ತಿಳಿಯದೆ, ನಾನು ಪೆನ್ಸಿಲ್ ಹಿಡಿದು ಕ್ಯಾಲೆಂಡರಿನ ಮುಂದೆ ನಿಂತೇ ಇದ್ದೆ.